ನೇಪಾಳದ ಶಾಲೆಯಲ್ಲಿ ಸ್ವಯಂಸೇವೆ: ಮಕ್ಕಳನ್ನು ಲುಂಬಿನಿಗೆ ಕರೆದೊಯ್ಯುವ ಹೊಣೆಯನ್ನು ನಾನು ಹೊರಬಹುದೇ?

ಕೊಪ್ಪಳದಾಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ತಾಲ್ಲೂಕಿನವಳು. ಬಿ.ಇಡಿ. ಮುಗಿಸಿ ಎರಡು ವರ್ಷ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ನೇಮಕಾತಿಯ ದಾರಿ ಕಾಯುತ್ತ ಮನೆಯಲ್ಲಿ ಕೂರುವ ಬದಲು ಮೂರು ತಿಂಗಳು ಎಲ್ಲಾದರೂ ಕೆಲಸ ಮಾಡಿ ಬರೋಣವೆಂದು ಆಗಸ್ಟ್ ಮೊದಲ ವಾರ ನೇಪಾಳಕ್ಕೆ ಬಂದಿದ್ದೇನೆ. ತನಹುಂ ಜಿಲ್ಲೆಯ ಗುಡ್ಡದ ಮೇಲಿನ ಒಂದು ಸಮುದಾಯ ಶಾಲೆ. ಊಟ, ವಸತಿ ಅವರದು, ಸಂಬಳವಿಲ್ಲ. ಆರರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಶನಿವಾರ ರಜೆ, ಭಾನುವಾರ ಶಾಲೆ ಎಂಬುದಕ್ಕೆ ಒಗ್ಗಿಕೊಂಡೆ. ನಮ್ಮದಕ್ಕಿಂತ ಕಾಲು ಗಂಟೆ ಮುಂದಿರುವ ಇಲ್ಲಿನ ಗಡಿಯಾರಕ್ಕೆ ಮಾತ್ರ ಇನ್ನೂ ಒಗ್ಗಿಲ್ಲ. ಅವ್ವನಿಗೆ ಫೋನ್ ಮಾಡುವಾಗಲೆಲ್ಲ ಲೆಕ್ಕ ತಪ್ಪುತ್ತದೆ.

ವಿಷಯ ಇಷ್ಟು. ಎಂಟನೆಯ ತರಗತಿಯ 34 ಮಕ್ಕಳನ್ನು ಎರಡು ರಾತ್ರಿಯ ಮಟ್ಟಿಗೆ ಲುಂಬಿನಿಗೆ ಕರೆದುಕೊಂಡು ಹೋಗುವ ಯೋಚನೆ ಶಾಲೆಗೆ ಇದೆ. "ನೀವು ನವೆಂಬರ್ ಆರಂಭದಲ್ಲಿ ಊರಿಗೆ ಹೊರಡುತ್ತೀರಿ, ಆದ್ದರಿಂದ ದಶೈನ್ (ನಿಮ್ಮ ದಸರಾ) ರಜೆಗೆ ಮುಂಚೆ, ಸೆಪ್ಟೆಂಬರ್‌ನಲ್ಲಿಯೇ ಮುಗಿಸೋಣ, ಮುಂದಾಳತ್ವ ನಿಮ್ಮದೇ ಇರಲಿ" ಎಂದು ಪ್ರಧಾನಾಧ್ಯಾಪಕರು ಬಹಳ ವಿಶ್ವಾಸದಿಂದ ಕೇಳಿದ್ದಾರೆ. ಮಕ್ಕಳಂತೂ ಆಗಲೇ ಬಸ್ಸಿನ ಸೀಟು ಹಂಚಿಕೊಂಡು ಕುಳಿತಿದ್ದಾರೆ. ನನಗೆ ನೇಪಾಳಿ ಅರ್ಧಂಬರ್ಧ ಬರುತ್ತದೆ, ಉಳಿದದ್ದನ್ನು ಹಿಂದಿಯಲ್ಲಿ ತೂಗಿಸುತ್ತೇನೆ. ಇಲ್ಲ ಎನ್ನಲು ಸಂಕೋಚ, ಹ್ಞೂ ಎನ್ನಲು ಭಯ. ಈ ಹೊಣೆಯನ್ನು ನಾನು ಹೊರಬಹುದೇ? ಹೊತ್ತರೆ ಯಾವುದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು? ಅಲ್ಲಿ ಮಕ್ಕಳಿಗೆ ಏನನ್ನು ತೋರಿಸಿದರೆ ಹೋಗಿಬಂದದ್ದು ಸಾರ್ಥಕವಾದೀತು?

ಬಳ್ಳಾರಿ ಕೋಟೆ ಕೆಳಗಿನವ

ಕೆಲವು ವರ್ಷಗಳ ಹಿಂದೆ ನಾನು ಚಿತವನ ಜಿಲ್ಲೆಯ ಶಾಲೆಯೊಂದರಲ್ಲಿ ನಾಲ್ಕು ತಿಂಗಳು ಗಣಿತ ಕಲಿಸಿದ್ದೆ. ನೀವು ಹೇಳುವ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಆದರೂ ನೇರವಾಗಿ ಹೇಳುತ್ತೇನೆ: ಸೆಪ್ಟೆಂಬರ್ ಬೇಡ, ಮುಂದಾಳತ್ವವೂ ಬೇಡ.

ಮೊದಲು ಸೆಪ್ಟೆಂಬರ್ ಮಾತು. ತನಹುಂನಿಂದ ಲುಂಬಿನಿಗೆ ಸಾಮಾನ್ಯವಾಗಿ ಮುಗ್ಲಿಂಗ್, ನಾರಾಯಣಘಾಟ್, ಬುಟವಲ್ ಮೇಲೆ ಹೋಗುತ್ತಾರೆ. ಮುಗ್ಲಿಂಗ್‌ನಿಂದ ನಾರಾಯಣಘಾಟ್‌ವರೆಗೆ ಒಂದು ಮಗ್ಗುಲಿಗೆ ಕಡಿದಾದ ಗುಡ್ಡ, ಇನ್ನೊಂದು ಮಗ್ಗುಲಿಗೆ ತ್ರಿಶೂಲಿ ನದಿ. 2024ರ ಜುಲೈ 12ರ ನಸುಕಿನಲ್ಲಿ ಇದೇ ರಸ್ತೆಯ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು ಎರಡು ಬಸ್ಸುಗಳು ನದಿಗೆ ಬಿದ್ದು ಕೊಚ್ಚಿಹೋದವು. ಅವುಗಳಲ್ಲಿ ಅರವತ್ತಕ್ಕೂ ಹೆಚ್ಚು ಜನರಿದ್ದರು. ಅದು ನಡುಮಳೆಗಾಲ ಎನ್ನಬಹುದು. ಆದರೆ ಅದೇ ವರ್ಷದ ಸೆಪ್ಟೆಂಬರ್ ಕೊನೆಯ ವಾರ ಸುರಿದ ಮಳೆಗೆ ನೇಪಾಳದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರವಾಹ ಮತ್ತು ಭೂಕುಸಿತಗಳಲ್ಲಿ ಸತ್ತರು. ಇನ್ನು ಪೂಸ್ ತಿಂಗಳಲ್ಲಿ, ಅಂದರೆ ನಮ್ಮ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ತರಾಯಿ ಬಯಲಿನ ಮೇಲೆ ದಟ್ಟ ಮಂಜು ಕುಳಿತಿರುತ್ತದೆ. ಎದುರಿನ ಲಾರಿ ಹತ್ತಿರ ಬರುವತನಕ ಕಾಣುವುದಿಲ್ಲ. ಉಳಿಯುವುದು ಮಂಸಿರ್ ತಿಂಗಳು, ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಅಷ್ಟು ಹೊತ್ತಿಗೆ ನೀವು ಅಲ್ಲಿರುವುದಿಲ್ಲ, ಇರಬೇಕಾಗಿಯೂ ಇಲ್ಲ. 34 ಮಕ್ಕಳು ಯಾವ ವಾರ ಆ ರಸ್ತೆ ಹಿಡಿಯಬೇಕು ಎಂಬುದನ್ನು ನಿಮ್ಮ ಟಿಕೆಟ್ಟಿನ ತಾರೀಖು ನಿರ್ಧರಿಸಬಾರದು.

ಮುಂದಾಳತ್ವದ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಮ್ಮ ಪ್ರವಾಸದಲ್ಲಿ ಊಟಕ್ಕೆ ಬಸ್ಸು ನಿಲ್ಲಿಸಿದ್ದಾಗ ಹಿಂದಿನ ಬಾಗಿಲಲ್ಲಿ ನಾನು, ಮುಂದಿನ ಬಾಗಿಲಲ್ಲಿ ಅಲ್ಲಿಯ ಶಿಕ್ಷಕರೊಬ್ಬರು ಎಣಿಸಿದೆವು. ಒಟ್ಟು ಸರಿ ಬಂತು, ಹೊರಟೆವು. ಹತ್ತು ನಿಮಿಷದ ಮೇಲೆ ಒಬ್ಬ ಹುಡುಗಿ ಅಳುತ್ತ ಬಂದು ತನ್ನ ತಮ್ಮನಿಲ್ಲವೆಂದಳು. ಇನ್ನೊಬ್ಬ ಹುಡುಗ ಹಿಂದಿನಿಂದ ಹತ್ತಿ, ನೀರಿನ ಬಾಟಲಿಗೆಂದು ಇಳಿದು, ಮುಂದಿನಿಂದ ಹತ್ತಿ ಎರಡು ಸಲ ಲೆಕ್ಕಕ್ಕೆ ಸೇರಿದ್ದ. ನಾವು ವಾಪಸ್ಸು ಹೋದಾಗ ಆ ತಮ್ಮ ಹೋಟೆಲಿನ ಒಲೆಯ ಬಳಿ ಕುಳಿತು ಅವಲಕ್ಕಿ ತಿನ್ನುತ್ತಿದ್ದ, ಏನೂ ಆಗಿರಲಿಲ್ಲ. ಆದರೆ ಆ ಇಪ್ಪತ್ತು ನಿಮಿಷ ನಾನು ಪೊಲೀಸರಿಗೆ ಯಾವ ಭಾಷೆಯಲ್ಲಿ ಏನು ಹೇಳಬೇಕು, ಹುಡುಗನ ತಂದೆ ಯಾರು, ಅವರ ಫೋನ್ ನಂಬರ್ ಯಾರ ಬಳಿ ಇದೆ ಎಂಬ ಒಂದಕ್ಕೂ ಉತ್ತರ ಗೊತ್ತಿಲ್ಲದೆ ಕುಳಿತಿದ್ದೆ. ಇಂಥ ಹೊತ್ತಿನಲ್ಲಿ ಊರಿನ ಭಾಷೆ ಬಲ್ಲ, ಪಾಲಕರ ಮುಖ ಬಲ್ಲ, ನಾಳೆಯೂ ಅದೇ ಶಾಲೆಯಲ್ಲಿರುವ ಶಿಕ್ಷಕರೇ ಮುಂದಾಳಾಗಿರಬೇಕು. ಕಾಗದದಲ್ಲಿ ಅವರ ಹೆಸರಿರಲಿ. ನೀವು ಜೊತೆಗಾರ್ತಿ.

ಎಣಿಕೆ ಒಂದೇ ಬಾಗಿಲಲ್ಲಿ, ಒಬ್ಬರೇ, ಹೆಸರು ಕೂಗಿ ಮಾಡಬೇಕು. ಮತ್ತು ತಿರುವಿನ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುವವರ ಸಂಖ್ಯೆಯನ್ನು ಕಡಿಮೆ ಅಂದಾಜು ಮಾಡಬೇಡಿ. ತಲೆಗೆ ಎರಡರಂತೆ ಚೀಲ ಇಟ್ಟುಕೊಳ್ಳಿ.

ಸಿಂಧನೂರು ಭತ್ತದ ಗದ್ದೆ

ಮೇಲಿನವರ ಮಾತಿನಲ್ಲಿ ತೂಕವಿದೆ. ಆದರೆ ಅತಿ ಎಚ್ಚರಿಕೆಯಿಂದ ಎಷ್ಟೋ ಪ್ರವಾಸಗಳು ನಡೆಯದೇ ಹೋಗುತ್ತವೆ ಎಂಬುದನ್ನೂ ಹೇಳಬೇಕು. ಹೊರಗಿನಿಂದ ಬಂದವರು ಒಬ್ಬರು ಹಟ ಹಿಡಿಯದಿದ್ದರೆ ಮಂಸಿರ್ ಬಂದು ಹೋಗುತ್ತದೆ, ಮಕ್ಕಳು ಗುಡ್ಡದ ಮೇಲೆಯೇ ಇರುತ್ತಾರೆ. ಸಾಧ್ಯವಿದ್ದರೆ ಟಿಕೆಟ್ಟನ್ನು ಮೂರು ವಾರ ಮುಂದಕ್ಕೆ ಹಾಕಿ ಎನ್ನುವುದು ನನ್ನ ಸಲಹೆ. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲವಾದ್ದರಿಂದ ಆ ತೊಡಕು ಇಲ್ಲ. ವಿಮಾನದಲ್ಲಿ ಮರಳುವುದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಕೈಯಲ್ಲಿರಲಿ, ಆಧಾರ್ ಒಂದನ್ನೇ ನೆಚ್ಚಿಕೊಳ್ಳಬೇಡಿ.

ಹಣದ ಬಗ್ಗೆ ಒಂದು ಮಾತು. ನಮ್ಮ ಒಂದು ರೂಪಾಯಿಗೆ ಅವರದು ಒಂದು ರೂಪಾಯಿ ಅರವತ್ತು ಪೈಸೆ, ಇದು ಸ್ಥಿರ ದರ. ಗಡಿಯ ಹತ್ತಿರ ಹೋದಂತೆ ಎರಡೂ ನಾಣ್ಯ ಚಲಾವಣೆಯಲ್ಲಿರುವುದರಿಂದ ಬಸ್ಸಿನವರು, ವಸತಿಯವರು ಬೆಲೆ ಹೇಳಿದಾಗ "ಐಸಿಯೋ ಎನ್‌ಸಿಯೋ", ಅಂದರೆ ಭಾರತದ ರೂಪಾಯಿಯೋ ನೇಪಾಳದ್ದೋ, ಎಂದು ಕೇಳಿ ಬರೆಸಿಕೊಳ್ಳಿ. ಇದನ್ನು ಕೇಳದೆ ನಾನು ಒಮ್ಮೆ ಒಂದೂವರೆ ಪಟ್ಟಿಗಿಂತ ಹೆಚ್ಚು ತೆತ್ತಿದ್ದೇನೆ. ಹಣ ಕೊಡಲಾಗದ ಮನೆಯ ಮಕ್ಕಳ ಪಾಲನ್ನು ನೀವೇ ಕೊಡಬೇಕೆನಿಸಿದರೆ ಶಾಲೆಯ ಖಾತೆಗೆ ಕೊಡಿ. ಯಾರ ಪಾಲನ್ನು ಯಾರು ಕಟ್ಟಿದರೆಂದು ತರಗತಿಗೆ ತಿಳಿಯಬಾರದು.

ಮಸ್ಕಿ ಮೇಷ್ಟ್ರು

ಮೂವತ್ತು ವರ್ಷ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿದ್ದು ನಿವೃತ್ತನಾದವನು. ಮಕ್ಕಳನ್ನು ಹಂಪಿ, ಬಾದಾಮಿ, ವಿಜಯಪುರಕ್ಕೆ ಕರೆದೊಯ್ದ ಅನುಭವವುಂಟು; ಲುಂಬಿನಿಗೆ ಹೋದದ್ದು ಮನೆಯವರೊಂದಿಗೆ, ಯಾತ್ರಿಕನಾಗಿ. ಹೊಣೆಯ ಬಗ್ಗೆ ಬಳ್ಳಾರಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಪಾಲಕರ ಲಿಖಿತ ಒಪ್ಪಿಗೆ, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿ ಜೊತೆಗಿರುವುದು, ರಾತ್ರಿ ಪ್ರಯಾಣ ಮಾಡದಿರುವುದು, ಇವು ನಮ್ಮಲ್ಲಿಯಂತೆ ಅಲ್ಲಿಯೂ ಬೇಕಾದವುಗಳೇ.

ನಿಮ್ಮ ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕೊಪ್ಪಳದವರಾದ ನಿಮಗೆ ಅದನ್ನು ಮಸ್ಕಿಯವನಾದ ನಾನು ಹೇಳಬೇಕಾಗಿ ಬಂದದ್ದು ತಮಾಷೆಯೇ ಸರಿ. ನಿಮ್ಮ ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ, ಪಲ್ಕಿಗುಂಡು ಎಂಬ ಬಂಡೆಯ ಕೆಳಗೆ ಇರುವ ಅಶೋಕನ ಶಾಸನಗಳ ಲಿಪಿ ಯಾವುದೋ, ಲುಂಬಿನಿಯಲ್ಲಿ ಅವನು ನಿಲ್ಲಿಸಿದ ಕಂಬದ ಮೇಲಿರುವುದೂ ಅದೇ ಬ್ರಾಹ್ಮಿ. ನಮ್ಮೂರಿನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ "ಅಶೋಕ" ಎಂಬ ಹೆಸರೇ ಇದ್ದುದರಿಂದ, ಬೇರೆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಹೇಳಿಕೊಂಡ ಅರಸ ಇವನೇ ಎಂಬುದು ಗಟ್ಟಿಯಾಯಿತು. ಲುಂಬಿನಿಯ ಕಂಬದಲ್ಲಿಯೂ ಅಶೋಕ ಎಂದಿಲ್ಲ, ಪ್ರಿಯದರ್ಶಿ ಎಂದೇ ಇದೆ. ಆ ಮಕ್ಕಳು ಓದುವ ಕಂಬದ ಅರಸನ ಹೆಸರನ್ನು ಖಚಿತಪಡಿಸಿದ ಬಂಡೆ ನಿಮ್ಮ ಪಕ್ಕದ ಜಿಲ್ಲೆಯಲ್ಲಿದೆ ಎಂದು ನೀವು ಹೇಳಬಹುದು.

ಹೊರಡುವ ಮೊದಲು ತರಗತಿಯಲ್ಲಿ ನಾಲ್ಕೇ ಅಕ್ಷರ ಕಲಿಸಿ. ಕ ಎಂದರೆ ಕೂಡುವ ಚಿಹ್ನೆ. ಗ ಎಂದರೆ ಗುಡಿಸಲಿನ ಮಾಡು. ನ ಎಂದರೆ ಮಲಗಿಸಿದ ಗೆರೆಯ ಮೇಲೆ ನಿಲ್ಲಿಸಿದ ಗೆರೆ. ಠ ಎಂದರೆ ಬರೀ ಸೊನ್ನೆ. ನಮ್ಮ ಠ ಇವತ್ತಿಗೂ ಆ ದುಂಡನ್ನು ಬಿಟ್ಟಿಲ್ಲ. ಶಾಸನ ಐದೇ ಸಾಲಿನದು. ಇಲ್ಲಿ ಶಾಕ್ಯಮುನಿ ಬುದ್ಧ ಹುಟ್ಟಿದನೆಂದು ಪಟ್ಟವೇರಿದ ಇಪ್ಪತ್ತು ವರ್ಷದ ಮೇಲೆ ಅರಸ ತಾನೇ ಬಂದು ಪೂಜಿಸಿದ, ಊರಿಗೆ ಬಲಿ ಎಂಬ ತೆರಿಗೆಯನ್ನು ಬಿಟ್ಟುಕೊಟ್ಟು ಬೆಳೆಯಲ್ಲಿ ಎಂಟನೆಯ ಒಂದು ಭಾಗವನ್ನಷ್ಟೇ ಉಳಿಸಿದ ಎಂದು ಅದು ಹೇಳುತ್ತದೆ. ಆ "ಅಠಭಾಗಿಯೆ" ಎಂಬ ಮಾತು ಕೊನೆಯ ಸಾಲಿನಲ್ಲಿದೆ. ಸೊನ್ನೆಯನ್ನು ಹುಡುಕಲು ಮಕ್ಕಳಿಗೆ ಹೇಳಿ. ಮಾಯಾದೇವಿ ಮಂದಿರದೊಳಗೆ ಚಿತ್ರ ತೆಗೆಯಲು ಬಿಡುವುದಿಲ್ಲ, ಆದ್ದರಿಂದ ನೋಟ್‌ಬುಕ್ಕು ಪೆನ್ಸಿಲ್ ಕೊಂಡೊಯ್ಯಲಿ. ಅಲ್ಲಿನ ಕಾಲುವೆಯ ಎರಡೂ ಬದಿಯ ಬೌದ್ಧ ವಿಹಾರಗಳನ್ನೆಲ್ಲ ತೋರಿಸುವ ಆಸೆ ಬೇಡ, ಎರಡು ಸಾಕು.

ಒಂದು ಎಚ್ಚರಿಕೆ. ಬುದ್ಧ ಭಾರತದಲ್ಲಿ ಹುಟ್ಟಿದನೆಂದು ಬಾಯಿತಪ್ಪಿಯೂ ಅನ್ನಬೇಡಿ. ಅಲ್ಲಿ ಲಾರಿಗಳ ಹಿಂದೆ ಕೂಡ "ಬುದ್ಧ ಹುಟ್ಟಿದ್ದು ನೇಪಾಳದಲ್ಲಿ" ಎಂದು ಬರೆಸಿರುತ್ತಾರೆ. ಅದು ಅವರಿಗೆ ಬಹಳ ಮನಸ್ಸಿಗೆ ಹತ್ತಿರದ ವಿಷಯ, ಸತ್ಯವೂ ಹೌದು.

ಕೊಪ್ಪಳದಾಕಿ

ಎಲ್ಲರಿಗೂ ಉಪಕಾರ. ಮಳೆಯ ವಿಷಯವನ್ನು ಮುಂದಿಟ್ಟಾಗ ಪ್ರಧಾನಾಧ್ಯಾಪಕರು ವಾದಿಸಲೇ ಇಲ್ಲ. ನನ್ನನ್ನು ಖುಷಿಪಡಿಸಲು ಅವರು ಸೆಪ್ಟೆಂಬರ್ ಎಂದಿದ್ದರು, ಅವರನ್ನು ನೋಯಿಸಬಾರದೆಂದು ನಾನು ಸುಮ್ಮನಿದ್ದೆ. ಈಗ ಮಂಸಿರ್ ಎರಡನೆಯ ವಾರ ಎಂದು ಗೊತ್ತಾಗಿದೆ. ವಿಜ್ಞಾನದ ಶಿಕ್ಷಕರು ಮುಂದಾಳು, ಒಂದನೆಯ ತರಗತಿಯ ಶಿಕ್ಷಕಿ ಜೊತೆಗಿರುತ್ತಾರೆ. ಟಿಕೆಟ್ಟು ಮುಂದಕ್ಕೆ ಹಾಕುವುದು ನನ್ನಿಂದಾಗದು, ಮನೆಯಲ್ಲಿ ತಂಗಿಯ ಮದುವೆಯಿದೆ. ಆ ಬಸ್ಸಿನಲ್ಲಿ ನಾನಿರುವುದಿಲ್ಲ ಎಂದು ತರಗತಿಗೆ ಹೇಳುವುದು ಕಷ್ಟವಾಯಿತು. ಕಿಟಕಿ ಪಕ್ಕದ ನನ್ನ ಸೀಟು ಯಾರಿಗೆ ಎಂಬ ಜಗಳ ಮಾತ್ರ ಎರಡೇ ನಿಮಿಷದಲ್ಲಿ ಶುರುವಾಯಿತು.

ಮೇಷ್ಟ್ರೇ, ನಾಲ್ಕು ಅಕ್ಷರ ಕಲಿಸಿದೆ. ಈಗ ಬೆಂಚುಗಳ ಮೇಲೆಲ್ಲ ಸೊನ್ನೆ, ಮಾಡು. ಗವಿಮಠದ ಬಂಡೆಯ ಫೋಟೊ ತೋರಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ನಿಮ್ಮ ಕಲ್ಲು ಮೊದಲೋ, ನಮ್ಮ ಕಂಬ ಮೊದಲೋ ಎಂದು ಕೇಳಿದ. ಕಂಬ ಅರಸನ ಇಪ್ಪತ್ತನೆಯ ವರ್ಷದ್ದು, ನಮ್ಮ ಬೆಟ್ಟದಂಥ ಬಂಡೆಶಾಸನಗಳು ಅದಕ್ಕೂ ಹಿಂದಿನವು, ಅವನು ಬರೆಸಿದವುಗಳಲ್ಲಿಯೇ ಮೊದಲಿನವು ಎಂದು ವಿದ್ವಾಂಸರು ಎಣಿಸುತ್ತಾರೆಂದು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಆಯಿತು ಮಿಸ್, ಕಲ್ಲು ನಿಮ್ಮದು ಹಳೆಯದು, ಬುದ್ಧ ನಮ್ಮವನು" ಎಂದು ಕುಳಿತುಕೊಂಡ.