ಮಂಡ್ಯದ ಮನೆ ತಾರಸಿ: ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಕೇಳಿ

ಪುಟ್ಟ, ತಾರಸಿ ಸೋರುತ್ತಿದೆ, ಏನು ಮಾಡುವುದು ಅಂತ ನೀನು ಹಾಕಿದ ಫೋಟೋ, ವಿಡಿಯೋ ಎರಡನ್ನೂ ನೋಡಿದೆ. ಮನೆಯವರ ಗ್ರೂಪಿನಲ್ಲಿ ಆಗಲೇ ಮೂರು ಸಲಹೆ ಬಂದಿವೆ. ಬಿಳಿ ಕೆಮಿಕಲ್ ಎರಡು ಕೋಟ್ ಬಳಿದರೆ ಸಾಕು ಅಂತ ನಿಮ್ಮ ಮೇಸ್ತ್ರಿ ಹೇಳಿದ್ದಾರೆ. ಮೇಲೆ ಶೀಟ್ ಹಾಕಿಸಿಬಿಡಿ ಅಂತ ಅಣ್ಣ ಹೇಳುತ್ತಿದ್ದಾನೆ. ಚಿಕ್ಕಪ್ಪ ಬೇಜಾರಾಗಿ, ಮೋಲ್ಡನ್ನೇ, ಅಂದರೆ ಕಾಂಕ್ರೀಟ್ ಛಾವಣಿಯನ್ನೇ ಒಡೆದು ಹೊಸದಾಗಿ ಹಾಕಿಸೋಣ ಅಂದಿದ್ದಾರೆ. ಟೈಪ್ ಮಾಡಿ ಮುಗಿಯುವ ಮಾತಲ್ಲ ಇದು, ಅದಕ್ಕೇ ವಾಯ್ಸ್‌ನಲ್ಲಿ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ. ಚಿಕ್ಕಮ್ಮ, ನೀವೂ ಕೇಳಿಸಿಕೊಳ್ಳಿ.

ಮೊದಲು ಹಾಲ್‌ನ ಫ್ಯಾನ್ ವಿಷಯ. ವಿಡಿಯೋದಲ್ಲಿ ಫ್ಯಾನ್ ತಿರುಗುತ್ತಿದೆ, ಅದರ ಬುಡದಿಂದಲೇ ನೀರು ತೊಟ್ಟಿಕ್ಕುತ್ತಿದೆ. ಅದನ್ನು ಈಗಲೇ ನಿಲ್ಲಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೂ ಅದನ್ನು ಮುಟ್ಟಬೇಡಿ. ಮೋಲ್ಡ್ ಹಾಕುವಾಗ ಕಂಬಿಗಳ ಜೊತೆಗೇ ವೈರಿಂಗ್ ಪೈಪನ್ನೂ ಕಟ್ಟಿ, ಅದರ ಮೇಲೆ ಕಾಂಕ್ರೀಟ್ ಸುರಿದಿರುತ್ತಾರೆ. ಎಲ್ಲೋ ಒಂದು ಬಿರುಕಿನಲ್ಲಿ ಇಳಿದ ನೀರಿಗೆ ಆ ಪೈಪ್ ಸಿಕ್ಕಿದರೆ ಸಾಕು. ಅದರೊಳಗೇ ಹರಿದು ಬಂದು ಫ್ಯಾನ್ ಬಾಕ್ಸಿನಲ್ಲಿ ಹೊರಗೆ ಬರುತ್ತದೆ. ಅಂದರೆ ಫ್ಯಾನಿನ ನೇರ ಮೇಲೆ ತಾರಸಿಯಲ್ಲಿ ತೂತು ಇರಲೇಬೇಕು ಅಂತೇನೂ ಇಲ್ಲ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ನೀರು ಎಲ್ಲಿ ಒಳಗೆ ಹೋಗುತ್ತಿದೆ ಅಂತ ಗೊತ್ತಾಗುವವರೆಗೂ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಮೈಸೂರು ಕುವೆಂಪುನಗರದ ನಮ್ಮ ಮನೆಯಲ್ಲಿ ಬೆಡ್‌ರೂಮಿನ ನಟ್ಟನಡುವೆ ತೊಟ್ಟಿಕ್ಕುತ್ತಿತ್ತು. ಬಂದ ಮೇಸ್ತ್ರಿ ಮೇಲೆ ಹೋಗಿ ಮಂಡಿಯೂರಿ ಕೂತು, ಮೆಟ್ಟಿಲ ಹೆಡ್‌ರೂಮಿನ ಗೋಡೆ ಬುಡವನ್ನು ಕರಣೆಯ ತುದಿಯಿಂದ ಗೀರುತ್ತಾ ಬಂದರು. ಒಂದು ಕಡೆ ಗಾರೆ ಬಿಟ್ಟುಕೊಂಡು, ಕರಣೆ ಸುಮಾರು ಒಂದು ಇಂಚು ಒಳಗೆ ಹೋಯಿತು. ಬೆರಳಿಟ್ಟು ನೋಡಿದರೆ ಒಳಗೆಲ್ಲ ಒದ್ದೆ ಮರಳು. ಬಿಸಿಲು ಬಂದು ಮೇಲೆಲ್ಲ ಬೆಳ್ಳಗೆ ಒಣಗಿದ್ದರೂ ಒಳಗೆ ಹಾಗಿತ್ತು. ಆ ಗೋಡೆ ಬುಡವನ್ನು ಸರಿ ಮಾಡಿದ ಮೇಲೇ ಬೆಡ್‌ರೂಮ್ ಸೋರುವುದು ನಿಂತಿತು.

ಬಯಲು ಸ್ಲ್ಯಾಬ್‌ನ ಮಧ್ಯದಲ್ಲಿ ನೀರು ಒಳಗೆ ಹೋಗುವುದು ಕಡಿಮೆ. ಎರಡು ಭಾಗ ಸೇರುವ ಕಡೆಯೇ ಜಾಸ್ತಿ. ಪ್ಯಾರಪೆಟ್ ಅಂದರೆ ತಾರಸಿ ಸುತ್ತಲಿನ ಗಿಡ್ಡ ಗೋಡೆಯ ಬುಡ, ಮಳೆ ನೀರಿನ ಪೈಪಿನ ಬಾಯಿ, ಟ್ಯಾಂಕ್ ಸ್ಟ್ಯಾಂಡಿನ ಕಾಲು. ಬಟ್ಟೆ ಹಗ್ಗ ಕಟ್ಟಲು ನೆಟ್ಟ ಕಂಬ, ಸೋಲಾರಿಗೆ ಹೊಡೆದ ಬೋಲ್ಟು, ಡಿಶ್ ಆಂಟೆನಾ ಬೋಲ್ಟು, ಇವನ್ನೂ ನೋಡಬೇಕು. ನಿನ್ನ ಫೋಟೋದಲ್ಲಿ ಪ್ಯಾರಪೆಟ್ ಮೂಲೆಯಲ್ಲಿ ಒಂದು ಅರಳಿ ಸಸಿ ಕಾಣಿಸುತ್ತಿದೆ. ಮೇಲೆ ಮುರಿದರೆ ಮತ್ತೆ ಚಿಗುರುತ್ತದೆ. ಅಲ್ಲಿಯ ಗಾರೆ ಬಿಚ್ಚಿ, ಬೇರು ಪೂರ್ತಿ ತೆಗೆಸಬೇಕು.

ಪುಟ್ಟ, ಮುಂದಿನ ಮಳೆ ನಿಂತು ಒಂದು ಗಂಟೆ ಆದ ಮೇಲೆ ಸೀಮೆಸುಣ್ಣ ಹಿಡಿದು ಮೇಲೆ ಹೋಗು. ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಅಂಚಿಗೆ ಗೆರೆ ಎಳೆದು ಫೋಟೋ ತೆಗೆ. ಬಿಸಿಲು ಬಂದ ಮೇಲೆ ಯಾವ ಮೇಸ್ತ್ರಿಗೂ ಆ ತಗ್ಗುಗಳು ಕಣ್ಣಿಗೆ ಬೀಳುವುದಿಲ್ಲ. ಕೆಳಗೆ ಸೀಲಿಂಗಿನಲ್ಲೂ ಒದ್ದೆ ಎಲ್ಲಿಯವರೆಗೆ ಬಂದಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಪಕ್ಕದಲ್ಲೇ ತಾರೀಕು ಬರೆ. ಮಳೆಯೇ ಇಲ್ಲದ ವಾರದಲ್ಲೂ ಆ ಗುರುತು ದಾಟಿ ಒದ್ದೆ ಹರಡಿದರೆ ಅದು ಬಹುಶಃ ಮಳೆ ನೀರಲ್ಲ. ಟ್ಯಾಂಕ್ ತುಂಬಿ ಚೆಲ್ಲುತ್ತಿರಬಹುದು, ಇಲ್ಲ ಸೋಲಾರ್ ಪೈಪಿನ ಜಾಯಿಂಟ್ ಬಿಟ್ಟಿರಬಹುದು. ಹಾಗಿದ್ದರೆ ಪ್ಲಂಬರ್ ಬಂದರೆ ಮುಗಿಯಿತು. ಅದಕ್ಕೆ ತಾರಸಿಗೆಲ್ಲ ದುಡ್ಡು ಸುರಿಯುವುದು ಬೇಡ.

ಆಮೇಲೆ ನೀರು ನಿಲ್ಲಿಸಿ ನೋಡುವ ಪರೀಕ್ಷೆ. ಬಿಸಿಲಿಗೆ ತಾರಸಿ ಒಣಗಿದ ಮೇಲೆ ಒಂದು ಭಾಗಕ್ಕೆ ಮಣ್ಣಿನಿಂದ ಚಿಕ್ಕ ಕಟ್ಟೆ ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಬೇಕು. ಕೆಳಗೆ ತೇವ ಬರಲಿಲ್ಲ ಅಂದರೆ ಅದನ್ನು ಬಿಟ್ಟು ಪಕ್ಕದ ಭಾಗ. ಇಡೀ ತಾರಸಿಗೆ ಒಟ್ಟಿಗೆ ನೀರು ತುಂಬಿಸಬೇಡಿ. ನೂರು ಚದರಡಿಗೆ ಒಂದು ಇಂಚು ನೀರು ಅಂದರೆ ಸುಮಾರು 235 ಲೀಟರ್, ಅಷ್ಟೇ ಕೆಜಿ ಭಾರ. ಸಾವಿರ ಚದರಡಿಗೆ ಎರಡು ಇಂಚು ನಿಲ್ಲಿಸಿದರೆ ನಾಲ್ಕೂವರೆ ಟನ್ ದಾಟುತ್ತದೆ. ಚಿಕ್ಕಮ್ಮನ ರೂಮಿನ ಮೇಲಂತೂ ಈ ಪರೀಕ್ಷೆ ಬೇಡವೇ ಬೇಡ. ಅಲ್ಲಿ ಕಂಬಿ ಕಾಣಿಸುತ್ತಿದೆ ಅಲ್ವಾ?

ಆ ರೂಮಿನ ಬಗ್ಗೆ ನನಗೆ ನಿಜವಾಗಲೂ ಭಯ ಇದೆ. ಹಾಲ್‌ನ ಸೀಲಿಂಗಿನಲ್ಲಿ ಬಿಳಿ ಪುಡಿ ಬಂದಿರುವುದು ಸುಣ್ಣ. ನೀರು ಕಾಂಕ್ರೀಟಿನೊಳಗೆ ಹಾದು ಬರುವಾಗ ಅದರ ಸುಣ್ಣವನ್ನು ಕರಗಿಸಿ ತರುತ್ತದೆ, ಗಾಳಿ ತಾಗಿದ ಕಡೆ ಅದು ಗಟ್ಟಿಯಾಗುತ್ತದೆ. ಅದೊಂದು ಸೂಚನೆ ಅಷ್ಟೇ, ಗಾಬರಿ ಬೇಡ. ಆದರೆ ಚಿಕ್ಕಮ್ಮನ ರೂಮಿನ ಮೂಲೆಯಲ್ಲಿ ಗಾರೆ ಹಪ್ಪಳೆಯಾಗಿ ಬಿದ್ದು, ತುಕ್ಕು ಹಿಡಿದ ಕಂಬಿ ಹೊರಗೆ ಬಂದಿದೆ. ಕಬ್ಬಿಣಕ್ಕಿಂತ ಅದರ ತುಕ್ಕು ಹಲವು ಪಟ್ಟು ಜಾಗ ತಗೊಳ್ಳುತ್ತದೆ. ಒಳಗಿನಿಂದ ಒತ್ತಿ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ. ಇನ್ನಷ್ಟು ಬೀಳಬಹುದು. ಚಿಕ್ಕಮ್ಮನ ಮಂಚವನ್ನು ಇವತ್ತೇ ಆ ಮೂಲೆಯಿಂದ ಈಚೆಗೆ ತನ್ನಿ. ಆಗುವುದಾದರೆ ರೂಮನ್ನೇ ಸ್ವಲ್ಪ ದಿನ ಬಿಟ್ಟುಬಿಡಿ. ಅಲ್ಲಿಗೆ ಕೆಳಗಿನಿಂದ ಪುಟ್ಟಿ ಹಚ್ಚಿ ಪೇಂಟ್ ಹೊಡೆಸುವುದು ದಯವಿಟ್ಟು ಬೇಡ. ಕಾಯಿಲೆ ಕಣ್ಣಿಗೆ ಕಾಣದಂತೆ ಆಗುತ್ತದೆ ಅಷ್ಟೇ, ಒಳಗೆ ತುಕ್ಕು ನಿಲ್ಲುವುದಿಲ್ಲ.

ಈಗ ಚಿಕ್ಕಪ್ಪನ ಮಾತಿಗೆ ಬರುತ್ತೇನೆ. ಚಿಕ್ಕಪ್ಪ, ನಿಮ್ಮ ಮನೆ 1990ರ ದಶಕದ್ದು. ಆರ್‌ಸಿಸಿ ಮೋಲ್ಡಿಗೆ ಅದೇನೂ ಮುಗಿದುಹೋದ ವಯಸ್ಸಲ್ಲ. ಮೋಲ್ಡ್ ಒಡೆಯುವುದು ಅಂದರೆ ಮನೆ ಖಾಲಿ ಮಾಡಬೇಕು, ಗೋಡೆ ಅದುರುತ್ತದೆ, ವೈರಿಂಗ್ ಎಲ್ಲ ಹೋಗುತ್ತದೆ. ಒಂದು ಮೂಲೆಗೋಸ್ಕರ ಅಷ್ಟು ಬೇಡ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಅವರು ಸೀಲಿಂಗ್ ಪೂರ್ತಿ ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಾರೆ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದ ಕಡೆ ಕಾಂಕ್ರೀಟ್ ಬಿಟ್ಟುಕೊಂಡಿದೆ ಅಂತ ಅರ್ಥ. ಟೊಳ್ಳು ಒಂದೆರಡು ಕಡೆ ಮಾತ್ರ ಇದ್ದರೆ ರಿಪೇರಿ ಸಾಕು. ಕೆಳಗೆ ಜಾಕ್ ಕೊಟ್ಟು, ಸಡಿಲ ಇರುವುದನ್ನೆಲ್ಲ ಕಂಬಿಯ ಹಿಂದಿನವರೆಗೂ ಕೆತ್ತಬೇಕು. ವೈರ್ ಬ್ರಶ್‌ನಲ್ಲಿ ತುಕ್ಕು ಉಜ್ಜಿ, ಕಂಬಿ ಹೊಳೆಯುವಷ್ಟು ಮಾಡಿ ತುಕ್ಕು ತಡೆಯುವ ಪ್ರೈಮರ್ ಹಚ್ಚಬೇಕು. ಆಮೇಲೆ ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ಕಂಬಿ ತೀರಾ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸುತ್ತಾರೆ. ಎಲ್ಲಾ ಕಡೆ ಕಂಬಿ ಸವೆದಿದೆ ಅಂತ ಎಂಜಿನಿಯರ್ ಬರೆದುಕೊಟ್ಟರೆ ಮಾತ್ರ ಒಡೆಯುವ ಯೋಚನೆ ಮಾಡೋಣ.

ಅಣ್ಣ, ಶೀಟ್ ಬೇಡ ಅಂತ ನಾನು ಹೇಳುವುದಿಲ್ಲ. ಬಿಸಿಲಿಗೂ ಒಳ್ಳೆಯದು, ಬಟ್ಟೆ ಒಣಗಿಸಲೂ ಅನುಕೂಲ. ಆದರೆ ಶೀಟಿನ ಕಂಬಗಳನ್ನು ನಿಲ್ಲಿಸಲು ಇದೇ ಸೋರುವ ತಾರಸಿಗೆ ಮತ್ತೆ ಡ್ರಿಲ್ ಹೊಡೆಯುತ್ತಾರೆ. ಗಾಳಿ ಮಳೆಗೆ ಪಕ್ಕದಿಂದ ಎರಚಲು ಬರುತ್ತದೆ, ಪ್ಯಾರಪೆಟ್ ಬುಡ ನೆನೆಯುತ್ತಲೇ ಇರುತ್ತದೆ. ಸೋಲಾರಿಗೆ ನೆರಳಾಗದಂತೆಯೂ ನೋಡಬೇಕು. ಕೆಳಗಿನ ಕಂಬಿಯನ್ನು ಹೇಗಿದ್ದರೂ ರಿಪೇರಿ ಮಾಡಿಸಲೇಬೇಕಲ್ಲ. ಮೊದಲು ತಾರಸಿ ಸರಿಯಾಗಲಿ, ದುಡ್ಡು ಮಿಕ್ಕಿದರೆ ಆಮೇಲೆ ಶೀಟ್.

ಇನ್ನು ಬಿಳಿ ಕೋಟಿಂಗ್. ಅದು ಕೊನೆಯ ಕೆಲಸ, ಮೊದಲನೆಯದಲ್ಲ. ಅದಕ್ಕೂ ಮುಂಚೆ ಆಗಬೇಕಾದ್ದು ವಾಟ. ತಾರಸಿಯಿಂದ ನೀರು ತಾನಾಗಿ ಪೈಪಿನ ಕಡೆ ಓಡಬೇಕು. ನೂರಕ್ಕೆ ಒಂದರ ಲೆಕ್ಕದಲ್ಲಿ ಹತ್ತು ಅಡಿಗೆ ಸುಮಾರು ಒಂದೂಕಾಲು ಇಂಚು ಇಳಿಜಾರು ಬೇಕು. ಸೀಮೆಸುಣ್ಣದಲ್ಲಿ ಗುರುತು ಮಾಡಿದ ತಗ್ಗುಗಳಿಗೆ ಗಾರೆ ಹಾಕಿ ವಾಟ ಸರಿ ಮಾಡಿಸಿ. ಆ ಗಾರೆಗೆ ಕನಿಷ್ಠ ಏಳು ದಿನ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆಯಾಗಿಡುವುದು, ಆಗಬೇಕು, ಇಲ್ಲದಿದ್ದರೆ ಅದೇ ಬಿರುಕು ಬಿಡುತ್ತದೆ. ನಿಮ್ಮ ತಾರಸಿ ಮೇಲೆ ಹಳೆಯ ಇಟ್ಟಿಗೆ ಚೂರಿನ ಪದರ ಇದ್ದರೆ ಅದರ ಮೇಲೆ ಇನ್ನೊಂದು ಪದರ ಏರಿಸಲು ಬಿಡಬೇಡಿ. ಸುಮ್ನೆ ಭಾರ ಜಾಸ್ತಿ. ಹಳೆಯದರೊಳಗೆ ನೀರು ಕೂತಿದ್ದರೆ ಅದನ್ನು ಒಳಗೇ ಮುಚ್ಚಿಟ್ಟ ಹಾಗೂ ಆಗುತ್ತದೆ.

ಬಿರುಕುಗಳಿಗೆ ಸಿಮೆಂಟ್ ಹಾಲು ಸುರಿದರೆ ಪ್ರಯೋಜನ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಬಿರುಕು ದಿನವೂ ಅಲುಗಾಡುತ್ತದೆ. ಅದನ್ನು ವಿ ಆಕಾರಕ್ಕೆ ಕೊರೆದು, ಹಿಗ್ಗಿ ಕುಗ್ಗುವ ಸೀಲಂಟ್ ತುಂಬಬೇಕು. ಪ್ಯಾರಪೆಟ್ ಬುಡದಲ್ಲಿ ಚೂಪು ಮೂಲೆ ಇರಬಾರದು, ಗಾರೆಯಿಂದ ಗುಂಡಗೆ ಮಾಡಬೇಕು. ಕೋಟಿಂಗ್ ಆ ಮೂಲೆ ಹತ್ತಿ ಗೋಡೆಯ ಮೇಲೆ ಒಂದು ಅಡಿ ಹೋಗಬೇಕು. ಮೂಲೆಗಳಲ್ಲೂ ಪೈಪಿನ ಬಾಯಿಯ ಸುತ್ತಲೂ ಕೋಟುಗಳ ನಡುವೆ ಫೈಬರ್ ಮೆಶ್ ಬಟ್ಟೆ ಕೂರಿಸಬೇಕು. ಇಷ್ಟೆಲ್ಲ ಆದ ಮೇಲೆ ಕೋಟಿಂಗ್ ಯಾವುದು ಅನ್ನುವ ಪ್ರಶ್ನೆ. ಅಕ್ರಿಲಿಕ್ ಆದರೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಮತ್ತೆ ಬಳಿಸಬೇಕಾಗುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್ ಕೋಟಿಂಗ್, ಜಾಸ್ತಿ ಬಾಳುತ್ತದೆ, ರೇಟೂ ಜಾಸ್ತಿ. ಚಿಕ್ಕಪ್ಪನ ಕೈಲಿ ಆದದ್ದು ಮಾಡಿಸಲಿ.

ಆದರೆ ಈಗಲೇ ಬೇಡ. ನಮ್ಮ ಕಡೆ ಮಳೆ ಮಲೆನಾಡಿನ ಥರ ಅಲ್ಲ. ಮೇ ತಿಂಗಳಲ್ಲಿ ಒಂದು ಸುತ್ತು, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಮತ್ತೆ ಜಡಿ ಮಳೆ. ಒದ್ದೆ ಸ್ಲ್ಯಾಬ್ ಮೇಲೆ ಬಳಿದರೆ ಒಳಗಿನ ನೀರು ಬಿಸಿಲಿಗೆ ಆವಿಯಾಗಿ, ಕೋಟಿಂಗ್ ಪೂರಿಯ ಹಾಗೆ ಉಬ್ಬಿ ಎದ್ದುಬರುತ್ತದೆ. ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಸರಿಯಾದ ಸಮಯ. ಆಗಲೂ ಹಿಂದಿನ ಸಂಜೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ತಾರಸಿಗೆ ಅಂಟಿಸಿ. ಬೆಳಿಗ್ಗೆ ಅದರ ಕೆಳಗೆ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲ ಅಂತ. ಅಲ್ಲಿಯವರೆಗೆ ನೀರಿನ ಪೈಪಿನ ಬಾಯಿಗಳ ಕಸ ತೆಗೆಸಿ, ಸೋರುವ ಭಾಗಕ್ಕೆ ಟಾರ್ಪಾಲ್ ಹೊದಿಸಿ. ಟಾರ್ಪಾಲಿನ ಅಂಚನ್ನು ಪ್ಯಾರಪೆಟ್ ಮೇಲಕ್ಕೆ ಎಳೆದು ಇಟ್ಟಿಗೆ ಇಡಿ, ಇಲ್ಲದಿದ್ದರೆ ಅದರ ಕೆಳಗೇ ನೀರು ನುಗ್ಗುತ್ತದೆ.

ಅತ್ತೆ, ಅಗ್ರಹಾರದ ನಿಮ್ಮ ಮನೆಗೂ ಇದನ್ನೇ ಮಾಡಿಸಲಾ ಅಂತ ಕೇಳಿದ್ದಿರಿ. ಬೇಡ. ನಿಮ್ಮದು ಮದ್ರಾಸ್ ತಾರಸಿ. ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಹಿಂದಿನವರು ಆ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ, ದಿನಗಟ್ಟಲೆ ಮರದ ಹಲಗೆಯಲ್ಲಿ ಬಡಿದು ಗಟ್ಟಿ ಮಾಡುತ್ತಿದ್ದರು. ಅದರ ಮೇಲೆ ಸಿಮೆಂಟ್ ಹಾಕಿ ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗದೆ ತೊಲೆ ಕೊಳೆಯುತ್ತದೆ. ನೀರು ನಿಲ್ಲಿಸುವ ಪರೀಕ್ಷೆಯನ್ನೂ ಅಲ್ಲಿ ಮಾಡಬಾರದು. ಮೈಸೂರಿನ ಹಳೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಿದ್ದು ನಿಮಗೇ ಗೊತ್ತು. ಹಳೆ ಕಟ್ಟಡಕ್ಕೆ ಸುಣ್ಣದ ಕೆಲಸ ಬಲ್ಲವರೇ ಬೇಕು, ನಿಮ್ಮದನ್ನು ಬೇರೆಯಾಗಿ ಮಾತಾಡೋಣ.

ಪುಟ್ಟ, ಎಸ್ಟಿಮೇಟ್ ತಗೊಳ್ಳುವಾಗ ಬಾಯಿ ಮಾತು ಬೇಡ. ಎಷ್ಟು ಚದರಡಿ, ಅದರಲ್ಲಿ ಪ್ಯಾರಪೆಟ್ ಮೇಲಿನ ಒಂದು ಅಡಿ ಸೇರಿದೆಯಾ, ಎಷ್ಟು ಕೋಟ್, ಎಷ್ಟು ಡಬ್ಬ, ಎಲ್ಲ ಬರೆಸಿಕೋ. ಒಂದು ಡಬ್ಬ ಎಷ್ಟು ಚದರಡಿಗೆ ಬರುತ್ತದೆ ಅಂತ ಡಬ್ಬದ ಮೇಲೇ ಇರುತ್ತದೆ. ಕೆಲಸ ಆದ ಮೇಲೆ ಖಾಲಿ ಡಬ್ಬ ಎಣಿಸಿದರೆ ನೀರು ಬೆರೆಸಿ ತೆಳುವಾಗಿ ಬಳಿದಿದ್ದಾರಾ ಇಲ್ಲವಾ ಗೊತ್ತಾಗುತ್ತದೆ. ಹತ್ತು ವರ್ಷ ಗ್ಯಾರಂಟಿ ಅನ್ನುವ ಕಾಗದಕ್ಕಿಂತ ಅದು ಮುಖ್ಯ. ಕೊನೆಯ ಕಂತನ್ನು ನೀರು ನಿಲ್ಲಿಸಿ ನೋಡಿದ ಮೇಲೇ ಕೊಡುತ್ತೇವೆ ಅಂತ ಮೊದಲೇ ಹೇಳಿಬಿಡು.

ನಮ್ಮ ಮನೆಯ ಕೆಲಸ ಮಾಡಿದ ಮೇಸ್ತ್ರಿಯನ್ನು ಕೇಳಿದ್ದೇನೆ, ಸಂಕ್ರಾಂತಿ ಆದ ಮೇಲೆ ಮಂಡ್ಯಕ್ಕೆ ಬರಲು ಒಪ್ಪಿದ್ದಾರೆ. ನಾನೂ ಜೊತೆಗೆ ಬರುತ್ತೇನೆ. ಎಂಜಿನಿಯರ್ ಮಾತ್ರ ಈ ವಾರವೇ ಬಂದು ಚಿಕ್ಕಮ್ಮನ ರೂಮ್ ನೋಡಲಿ. ಅವರು ನೋಡಿ ಹೇಳುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ ಚಿಕ್ಕಪ್ಪ.