ಫೈರ್ ಎಂಬ್ಲೆಮ್: ಪರದೆ 90 ಎಂದರೂ ಏಟು ತಪ್ಪುವುದೇಕೆ?

ಕೋಡಿಬಾಗ ಕಡಲು:
ಕಾರವಾರದಲ್ಲಿ ಮಳೆ ಬಿಡುವ ಲಕ್ಷಣವಿಲ್ಲ. ಹಳೆಯ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ 2003ರ ಫೈರ್ ಎಂಬ್ಲೆಮ್ ಎಂಬ, ಸರದಿಯಂತೆ ನಡೆ ಇಡುವ ಯುದ್ಧದ ವಿಡಿಯೊ ಗೇಮ್ ಆಡುತ್ತಿದ್ದೇನೆ. ಅದರ ನಾಯಕರಲ್ಲೊಬ್ಬನಾದ ಎಲಿವುಡ್‌ನ ಕಥೆಯಲ್ಲಿ ಹಾರುವ ಕುದುರೆಯ ಈಟಿಗಾರ್ತಿ ಫ್ಲೋರಿನಾಳನ್ನು ಒಬ್ಬ ಬಿಲ್ಲುಗಾರನ ಮೇಲೆ ಬಿಟ್ಟೆ. ಏಟು ಬೀಳುವ ಸಾಧ್ಯತೆ ನೂರಕ್ಕೆ 90 ಎಂದಿತು ಪರದೆ, ಈಟಿ ತಪ್ಪಿತು. ಅವನ ಸರದಿಯಲ್ಲಿ ಒಂದೇ ಬಾಣಕ್ಕೆ ಅವಳು ಸತ್ತಳು. ಆಟ ಮೋಸ ಮಾಡುತ್ತದೆಯೇ? ಅಧ್ಯಾಯವನ್ನು ಮೊದಲಿನಿಂದ ಆಡಲೇ, ಅವಳಿಲ್ಲದೆ ಮುಂದುವರಿಯಲೇ?

ಶಿರಸಿ ತೋಟಿಗ:
ಮೋಸ ಮಾಡುವುದು ನಿಜ, ಆದರೆ ನಿಮ್ಮ ಪರವಾಗಿ! ಸರಣಿಯ 2002ರ ಆಟದಂತೆ ನಿಮ್ಮ ಆಟವೂ ಪ್ರತಿ ಏಟಿಗೆ 0ಯಿಂದ 99ರೊಳಗಿನ ಎರಡು ಸಂಖ್ಯೆಗಳನ್ನು ಎತ್ತುತ್ತದೆ. ಅವುಗಳ ಸರಾಸರಿ ಪರದೆಯ ಅಂಕಿಗಿಂತ ಕಡಿಮೆಯಾದರೆ ಏಟು ಬೀಳುತ್ತದೆ. ಸರಾಸರಿ ನಡುವಿನತ್ತಲೇ ವಾಲುವುದರಿಂದ ನಿಮ್ಮ 90 ನಿಜಕ್ಕೂ 98ರ ಆಸುಪಾಸು, 70 ಎಂದರೆ 82. ಶತ್ರುವಿನ 30 ಬರೀ 18. ಲಾಭ ಯಾರಿಗೆಂದು ಬಿಡಿಸಿ ಹೇಳಬೇಕೇ?

ನನ್ನ ತಕರಾರು ಬೇರೆ. ಹಾರುವ ಕುದುರೆಯವಳನ್ನು ಬಿಲ್ಲುಗಾರನ ಪಕ್ಕ ಏಕೆ ನಿಲ್ಲಿಸಿದಿರಿ? ಪಕ್ಕದವರಿಗೆ ಅವನು ತಿರುಗೇಟು ಕೊಡಲಾರ, ಒಪ್ಪಿದೆ. ಆದರೆ ತನ್ನ ಸರದಿ ಬಂದಾಗ ಒಂದು ಮನೆ ಹಿಂದೆ ಸರಿದು ಹೊಡೆಯುತ್ತಾನೆ. ಹಾರುವವರಿಗೆ ಬಾಣದ ಪೆಟ್ಟು ದೊಡ್ಡದು. ಅವನು ಒಂದೇ ಏಟಿಗೆ ಸಾಯುವಂತಿರದಿದ್ದರೆ, ನಿಮ್ಮ ಈಟಿ ತಗುಲಿದ್ದರೂ ಅವಳು ಉಳಿಯುತ್ತಿರಲಿಲ್ಲ.

ಈ ಸರಣಿಯಲ್ಲಿ ನಿಲ್ಲುವ ಜಾಗವೇ ಅರ್ಧ ಯುದ್ಧ. ನಿಮ್ಮ ಕಾಳಿ ಸೇತುವೆಯನ್ನೇ ನೆನೆಯಿರಿ: ಸದಾಶಿವಗಡದ ಕಡೆಯಿಂದ ಎಷ್ಟೇ ದಂಡು ಬರಲಿ, ಕೋಡಿಬಾಗದ ತುದಿಯಲ್ಲಿ ಕವಚಧಾರಿ ಆಸ್ವಿನ್ ನಿಂತರೆ ಕತ್ತಿ ಹಿಡಿದವರು ಒಬ್ಬೊಬ್ಬರಾಗಿಯೇ ಬರಬೇಕು. ಮಾಟಗಾರರು ಕಂಡರೆ ಮಾತ್ರ ಅವನನ್ನು ಹಿಂದಕ್ಕೆ ಕರೆಯಿರಿ, ಕವಚ ಮಂತ್ರವನ್ನು ತಡೆಯದು.

ಮೊದಲಿನಿಂದ ಆಡಬೇಡಿ. 1990ರ ಮೊದಲ ಆಟದಿಂದಲೂ ಸತ್ತವರು ಮರಳುವುದಿಲ್ಲ ಎಂಬ ಭಯದಲ್ಲೇ ಇದರ ರುಚಿ ಇದೆ. ಯಂತ್ರ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ. ಪ್ರತಿ ನಡೆಯೂ ದಾಖಲಾಗಿರುತ್ತದೆ. (ನಮ್ಮ ಶಿರಸಿಯ ಮಳೆಗಾಲದ ಕರೆಂಟಿಗೆ ಮಾತ್ರ ಅದು ವರ.)

ಕುಮಟೆಯ ಅಕ್ಕ:
ತೋಟಿಗರೇ, ಗಣಿತ ಸರಿ, ಹಠ ಏಕೆ? ಸರಣಿಯ 2010ರ ಆಟದಿಂದ, ಸೋತವರು ಮುಂದಿನ ಅಧ್ಯಾಯಕ್ಕೆ ಮರಳುವ ಕ್ಯಾಶುಯಲ್ ವಿಧಾನವೇ ಬಂದಿದೆ. 2019ರ ತ್ರೀ ಹೌಸಸ್‌ನಲ್ಲಂತೂ ನಡೆದ ನಡೆಯನ್ನೇ ಹಿಂದಕ್ಕೆ ತಿರುಗಿಸಬಹುದು. ತಮ್ಮಾ, ಫ್ಲೋರಿನಾ ಇಷ್ಟವಾಗಿದ್ದರೆ ಮತ್ತೆ ಆಡು.

ಶಿರಸಿ ತೋಟಿಗ:
ಅಕ್ಕಾ, ಈ ಕರುಣೆಯಿಂದಲೇ ಹುಡುಗರು ಬಿಲ್ಲುಗಾರರ ಪಕ್ಕ ಹೋಗಿ ನಿಲ್ಲುವುದು.

ಕೋಡಿಬಾಗ ಕಡಲು:
ಕ್ಷಮಿಸಿ ತೋಟಿಗರೇ, ಅಕ್ಕನ ಮಾತೇ ಹಿಡಿಸಿತು. ಆದರೆ ಆ ಬಿಲ್ಲುಗಾರನನ್ನು ಯಾರಿಂದ ಹೊಡೆಸಲಿ?

ಶಿರಸಿ ತೋಟಿಗ:
ನಿಮ್ಮ ಪಡೆಯ ಹೆಕ್ಟರ್‌ಗೆ ಎಸೆಯುವ ಕೊಡಲಿ ಕೊಟ್ಟು ಮುಂದೆ ನಿಲ್ಲಿಸಿ. ದೂರದಿಂದ ಬಾಣ ಬಿಟ್ಟವನಿಗೂ ತಿರುಗೇಟು ಬೀಳುತ್ತದೆ. ಅದರ ಗುರಿ ತುಸು ಸಡಿಲ. ಪರದೆ 70 ತೋರಿಸಿದರೆ ಹೆದರಬೇಡಿ.