ನೈಟ್ರಸ್ ಕೊಟ್ಟಾಗ ಮಗು ವಾಂತಿ ಮಾಡಿಕೊಂಡಿತು, ನಾನು ಎಲ್ಲಿ ತಪ್ಪಿದೆ?

ಹೊಸ ಡೆಂಟಿಸ್ಟ್:

ಎಲ್ಲರಿಗೂ ನಮಸ್ಕಾರ. ನೈಟ್ರಸ್ (ಭಯ ಕಮ್ಮಿ ಮಾಡಲು ಆಕ್ಸಿಜನ್ ಜೊತೆ ಬೆರೆಸಿ ಮೂಗಿನ ಮಾಸ್ಕ್‌ನಲ್ಲಿ ಕೊಡುವ ನೈಟ್ರಸ್ ಆಕ್ಸೈಡ್ ಗ್ಯಾಸ್) ಮೆಷಿನ್ ತಗೊಂಡು ಮೂರು ತಿಂಗಳಾಯಿತು. ತರಬೇತಿ ಮುಗಿಸಿದ್ದೇನೆ, ಹತ್ತು ಹನ್ನೆರಡು ಕೇಸು ಚೆನ್ನಾಗಿಯೇ ಆದವು. ಮೊನ್ನೆ ಏಳು ವರ್ಷದ ಹುಡುಗ ಬಂದ. ಕೆಳಗಿನ ಹಾಲುಹಲ್ಲಿಗೆ ಪಲ್ಪೋಟಮಿ (ಹಲ್ಲಿನೊಳಗಿನ ಕೆಟ್ಟ ತಿರುಳಿನ ಮೇಲ್ಭಾಗ ತೆಗೆಯುವುದು) ಮಾಡಬೇಕಿತ್ತು. ಸೂಜಿ ನೋಡುತ್ತಲೇ ಅಳು. ನೈಟ್ರಸ್ 30 ಪರ್ಸೆಂಟ್ ಇಟ್ಟೆ, ಅಳು ನಿಲ್ಲಲಿಲ್ಲ. 50ಕ್ಕೆ ಏರಿಸಿದೆ. ಸ್ವಲ್ಪ ಹೊತ್ತಿಗೆ ಸುಮ್ಮನಾದ. ಇಂಜೆಕ್ಷನ್ ಕೊಟ್ಟೆ, ಅಲುಗಾಡಲಿಲ್ಲ. ಹಾಗೇ ಕೆಲಸ ಮುಂದುವರಿಸಿದೆ.

ಹದಿನೈದು ನಿಮಿಷ ಆಗಿರಬೇಕು. ಹಣೆ ಬೆವರಿತು, ಮುಖ ಬಿಳಿಚಿತು, ಬಾಯಿ ಮುಚ್ಚಲು ಶುರು ಮಾಡಿದ. ಆಮೇಲೆ ವಾಂತಿ. ಗಾಬರಿಯಲ್ಲಿ ಮಾಸ್ಕ್ ತೆಗೆದುಬಿಟ್ಟೆ, ಪಕ್ಕಕ್ಕೆ ತಿರುಗಿಸಿ ಸಕ್ಷನ್ ಮಾಡಿದೆವು. ರಕ್ತದ ಆಕ್ಸಿಜನ್ ತೋರಿಸುವ ಪಲ್ಸ್ ಆಕ್ಸಿಮೀಟರ್ 97ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆದರೂ ಒಂದು ಗಂಟೆ ತಲೆನೋವು ಅಂತ ಅಳುತ್ತಿದ್ದ. ಈಗ ಆರಾಮಾಗಿದ್ದಾನೆ. ಅವನ ಅಮ್ಮನ ಮುಖ ಮಾತ್ರ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮಕ್ಕಳಿಗೆ ಎಷ್ಟು ಪರ್ಸೆಂಟ್ ಇಡಬೇಕು?

ಮಕ್ಕಳ ಹಲ್ಲಿನ ಡಾಕ್ಟರ್:

ಡಾಕ್ಟರೇ, ತಕ್ಷಣ ಪಕ್ಕಕ್ಕೆ ತಿರುಗಿಸಿ ಸಕ್ಷನ್ ಹಿಡಿದಿರಲ್ಲ, ಅದು ಸರಿಯಾದ ಕೆಲಸ. ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ನೈಟ್ರಸ್ ಕೊಡುತ್ತಿದ್ದೇನೆ. ಎಷ್ಟು ಪರ್ಸೆಂಟ್ ಅಂತ ಮೊದಲೇ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಒಂದು ಮಗುವಿಗೆ 25 ಸಾಕು, ಇನ್ನೊಂದಕ್ಕೆ 40 ಬೇಕು. ಅದೇ ಮಗುವಿಗೆ ಇನ್ನೊಂದು ದಿನ ಬೇರೆ ಬೇಕಾಗುತ್ತದೆ.

ನಿಮ್ಮ ಹುಡುಗನಿಗೆ ಆಗಿದ್ದು ಹೀಗೆ ಇರಬೇಕು. ಅಳುವ ಮಗು ಬಾಯಿಂದ ಉಸಿರಾಡುತ್ತದೆ, ಮಾಸ್ಕ್ ಇರುವುದು ಮೂಗಿನ ಮೇಲೆ. ನೀವು 50 ಇಟ್ಟಾಗ ಅವನಿಗೆ ಹೋಗಿದ್ದು ಅದರಲ್ಲಿ ಒಂದಿಷ್ಟು ಮಾತ್ರ. ಅಳು ನಿಂತು ಮೂಗಲ್ಲಿ ಉಸಿರು ಎಳೆದ ಕೂಡಲೇ ಪೂರ್ತಿ ಒಳಗೆ ಹೋಯಿತು. ನೈಟ್ರಸ್ ರಕ್ತದಲ್ಲಿ ಕರಗುವುದು ತುಂಬಾ ಕಮ್ಮಿ, ಅದಕ್ಕೇ ಕೆಲವೇ ನಿಮಿಷದಲ್ಲಿ ಮಿದುಳಿಗೆ ತಟ್ಟುತ್ತದೆ. ಜೊತೆಗೆ ಭಯ ಜಾಸ್ತಿ ಇರುವುದು ಸೂಜಿ ಹೊತ್ತಿನಲ್ಲಿ. ಮರಗಟ್ಟಿದ ಮೇಲೆ ಅಷ್ಟು ಗ್ಯಾಸ್ ಬೇಕಿಲ್ಲ, ಆಗಲೇ ಇಳಿಸಬೇಕಿತ್ತು. ಅಳುವ ಮಗುವಿಗೆ ಗ್ಯಾಸ್ ಏರಿಸಬೇಡಿ. ಮಾತಾಡಿಸಿ, ಕಾಯಿರಿ. ಆಗಲಿಲ್ಲ ಅಂದರೆ ಇನ್ನೊಂದು ದಿನ ಕರೆಯಿರಿ.

ನಾನು ಮೊದಲು ಬರೀ ಆಕ್ಸಿಜನ್ ಇಟ್ಟು ಮೆಷಿನ್‌ನ ಉಸಿರಿನ ಬ್ಯಾಗ್ ನೋಡುತ್ತೇನೆ. ಬಿಗಿಯಾಗಿ ಉಬ್ಬಿ ನಿಂತರೆ ಫ್ಲೋ ಜಾಸ್ತಿ, ಅಂಟಿಕೊಂಡರೆ ಕಮ್ಮಿ. ಉಸಿರಿನ ಜೊತೆ ಬ್ಯಾಗ್ ಆಡುತ್ತಿಲ್ಲ ಅಂದರೆ ಮಗು ಬಾಯಿಂದ ಉಸಿರಾಡುತ್ತಿದೆ ಅಂತ. ಆಮೇಲೆ ನೈಟ್ರಸ್ 10 ಪರ್ಸೆಂಟ್, ಒಂದೆರಡು ನಿಮಿಷ ಕಾಯುವುದು, ಮತ್ತೆ 5 ಅಥವಾ 10. ಕಾಲ್ಬೆರಳು ಜುಮ್ಮೆನ್ನುತ್ತಿದೆಯಾ ಪುಟ್ಟಾ ಅಂತ ಕೇಳುತ್ತೇನೆ. ಮುಷ್ಟಿ ಬಿಚ್ಚಿ, ಭುಜ ಸಡಿಲಾಗಿ, ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. 50 ದಾಟುವುದೇ ಇಲ್ಲ. ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿದೆ ಅಂದರೆ ಜಾಸ್ತಿಯಾಗಿದೆ ಅಂತಲೇ ಅರ್ಥ. ನಿಮ್ಮ ಹುಡುಗ ವಾಂತಿಗೆ ಮೊದಲೇ ಅದನ್ನು ಹೇಳಿದ್ದ. ಈ ಸೂಚನೆ ಮರೆಯಾಗಬಾರದು ಅಂತ ನಾನು ಬಾಯಿ ತೆರೆದೇ ಇರುವಂತೆ ಹಿಡಿಯುವ ಪ್ರಾಪ್ ಇಡುವುದಿಲ್ಲ.

ಇನ್ನೊಂದು ತಪ್ಪು, ತೆಗೆದ ಮಾಸ್ಕ್ ಮತ್ತೆ ಹಾಕದೆ ಬಿಟ್ಟದ್ದು. ವಾಂತಿ ಬಂದಾಗ ತೆಗೆಯಲೇಬೇಕು, ಸರಿ. ಬಾಯಿ ಸ್ವಚ್ಛ ಆದ ಮೇಲೆ ಮತ್ತೆ ಹಾಕಿ 100 ಪರ್ಸೆಂಟ್ ಆಕ್ಸಿಜನ್ ಕನಿಷ್ಠ 5 ನಿಮಿಷ ಕೊಡಬೇಕಿತ್ತು. ಗ್ಯಾಸ್ ನಿಲ್ಲಿಸಿದ ಕೂಡಲೇ ರಕ್ತದಿಂದ ನೈಟ್ರಸ್ ಶ್ವಾಸಕೋಶಕ್ಕೆ ನುಗ್ಗಿ ಬಂದು ಅಲ್ಲಿನ ಆಕ್ಸಿಜನ್ ತೆಳುವಾಗಿಸುತ್ತದೆ. ತಲೆನೋವು, ಹೊಟ್ಟೆ ತೊಳಸುವುದಕ್ಕೆ ಇದೂ ಒಂದು ಕಾರಣ.

ನನಗೂ ಶುರುವಿನಲ್ಲಿ ಒಂದು ಕೇಸು ಕೆಟ್ಟಿತ್ತು. ಒಂಬತ್ತು ವರ್ಷದ ಹುಡುಗಿ, ಗ್ಯಾಸ್ ತಟ್ಟುತ್ತಲೇ ಇಲ್ಲ ಅಂತ ಏರಿಸುತ್ತಾ ಹೋದೆ. ನೋಡಿದರೆ ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ) ಊದಿ ಮೂಗೇ ಕಟ್ಟಿತ್ತು. ಅವತ್ತಿನಿಂದ ಒಂದೊಂದೇ ಮೂಗಿನ ಹೊಳ್ಳೆ ಮುಚ್ಚಿ ಉಸಿರಾಡಿಸಿ ನೋಡದೆ ಮಾಸ್ಕ್ ಮುಟ್ಟುವುದಿಲ್ಲ.

ಅನಸ್ತೇಷಿಯಾ ಡಾಕ್ಟರ್:

ಮೇಡಂ ಹೇಳಿದ್ದೆಲ್ಲ ಸರಿ. ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಆ ಮಗು ಉಸಿರಾಡುತ್ತಿದ್ದ ಗಾಳಿಯಲ್ಲಿ ಅರ್ಧ ಆಕ್ಸಿಜನ್. 97 ತೋರಿಸದೆ ಇನ್ನೇನು ತೋರಿಸುತ್ತದೆ? ಮಂಪರು ಜಾಸ್ತಿಯಾಗಿದ್ದನ್ನು ಅದು ಹೇಳುವುದಿಲ್ಲ. ಮಗುವನ್ನೇ ನೋಡಬೇಕು, ಮಾತಾಡಿಸುತ್ತಲೇ ಇರಬೇಕು.

ಯಾರಿಗೆ ಕೊಡಬಾರದು ಅನ್ನುವುದು ಇನ್ನೂ ಮುಖ್ಯ. ನೈಟ್ರಸ್ ರಕ್ತದಲ್ಲಿ ಕರಗುವುದು ಕಮ್ಮಿಯೇ, ಆದರೂ ಗಾಳಿಯಲ್ಲಿರುವ ನೈಟ್ರೋಜನ್‌ಗಿಂತ ಸುಮಾರು 34 ಪಟ್ಟು ಹೆಚ್ಚು ಕರಗುತ್ತದೆ. ದೇಹದಲ್ಲಿ ಎಲ್ಲಾದರೂ ಗಾಳಿ ಸಿಕ್ಕಿಕೊಂಡಿದ್ದರೆ ನೈಟ್ರೋಜನ್ ಹೊರಬರುವ ಮೊದಲೇ ನೈಟ್ರಸ್ ಒಳಗೆ ಹೋಗಿ ಅದನ್ನು ಉಬ್ಬಿಸುತ್ತದೆ. ರೆಟಿನಾ ಆಪರೇಷನ್‌ನಲ್ಲಿ ಕಣ್ಣಿಗೆ ಗ್ಯಾಸ್ ತುಂಬಿದ್ದರೆ ದೃಷ್ಟಿಯೇ ಹೋಗಬಹುದು. ಕಿವಿ ಆಪರೇಷನ್, ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರುವುದು), ಕರುಳಿನ ತಡೆ, ಎಲ್ಲ ಕೇಳಿ. ಬಿ12 ಕೊರತೆ ಇದ್ದವರಿಗೆ ಬೇಡ, ನೈಟ್ರಸ್ ಆ ವಿಟಮಿನ್ ಅನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಬೇಡ. ನಿದ್ದೆ ಬರುವ ಬೇರೆ ಔಷಧಿ ಕೊಟ್ಟಿದ್ದರೆ ಲೆಕ್ಕವೇ ಬದಲು.

ಮೆಷಿನ್ 30 ಪರ್ಸೆಂಟ್‌ಗಿಂತ ಕಮ್ಮಿ ಆಕ್ಸಿಜನ್ ಬಿಡುವುದಿಲ್ಲ ಅಂತ ನಂಬಿ ಕೂರಬೇಡಿ. ನೈಟ್ರಸ್, ಆಕ್ಸಿಜನ್ ಪೈಪ್ ಅದಲು ಬದಲಾಗಿ ಜನ ಸತ್ತಿದ್ದಾರೆ. ಪೈಪ್ ಕೆಲಸ ಆದಾಗೆಲ್ಲ ಆಕ್ಸಿಜನ್ ಅನಲೈಜರ್ ಇಟ್ಟು ನೋಡಿ. ದಿನಾ ಬೆಳಗ್ಗೆ ಎರಡೂ ಗ್ಯಾಸ್ ಬಿಟ್ಟು ಆಕ್ಸಿಜನ್ ಮುಚ್ಚಿ, ನೈಟ್ರಸ್ ತಾನಾಗಿ ನಿಲ್ಲಬೇಕು. ಸಿಲಿಂಡರ್‌ನಲ್ಲಿ ನೈಟ್ರಸ್ ದ್ರವವಾಗಿರುತ್ತದೆ, ಹಾಗಾಗಿ ಖಾಲಿಯಾಗುತ್ತಾ ಬಂದರೂ ಗೇಜ್ ಮುಳ್ಳು ಅಲ್ಲೇ ನಿಂತಿರುತ್ತದೆ. ಆಕ್ಸಿಜನ್ ಗೇಜ್ ಹಾಗಲ್ಲ, ಖರ್ಚಾದಷ್ಟೂ ಇಳಿಯುತ್ತದೆ.

ಡೆಂಟಲ್ ಅಸಿಸ್ಟೆಂಟ್:

ಸರ್, ಕುರ್ಚಿ ಪಕ್ಕ ನಿಲ್ಲುವವರು ನಾವು, ಅದಕ್ಕೆ ಹೇಳುತ್ತಿದ್ದೇನೆ. ಮಗು ಅತ್ತಾಗ ಬಾಯಿಂದ ಬರುವ ಗ್ಯಾಸ್ ನಮ್ಮ ಮುಖಕ್ಕೇ ಬರುತ್ತದೆ. ಸ್ಕಾವೆಂಜಿಂಗ್ (ಹೊರಬಿಟ್ಟ ಗ್ಯಾಸ್ ಎಳೆದುಕೊಳ್ಳುವ ವ್ಯವಸ್ಥೆ) ಇಲ್ಲದ ಕಡೆ ವಾರಕ್ಕೆ ಐದು ಗಂಟೆ ಅಥವಾ ಜಾಸ್ತಿ ನೈಟ್ರಸ್ ಮಧ್ಯೆ ಇದ್ದ ಅಸಿಸ್ಟೆಂಟ್‌ಗಳಿಗೆ ಗರ್ಭ ನಿಲ್ಲುವುದು ತಡವಾಗಿತ್ತು ಅಂತ 1992ರಲ್ಲೇ ಅಧ್ಯಯನ ಬಂದಿದೆ. ಅದರ ವ್ಯಾಕ್ಯೂಮ್ ನಿಮಿಷಕ್ಕೆ 45 ಲೀಟರ್ ಎಳೆಯುತ್ತಿದೆಯಾ ನೋಡಿ. ಮಾಸ್ಕ್ ಮುಖದ ಅಳತೆಗೆ ಸರಿಯಾಗಿರಲಿ, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಬಾಯಿಗೆ ಅಡ್ಡ ಹಾಕುವ ರಬ್ಬರ್ ಹಾಳೆ) ಹಾಕಿ. ನಮಗೆ ವಾಸನೆ ಬಂದ ಮೇಲೆ ನೋಡೋಣ ಅಂದರೆ ಆಗಲ್ಲ.

ಹೊಸ ಡೆಂಟಿಸ್ಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೇಸ್ ಶೀಟ್ ತೆಗೆದು ನೋಡಿದೆ. 50 ಅಂತ ಒಂದೇ ಸಲ ಬರೆದಿದ್ದೇನೆ. ಎಷ್ಟು ಹೊತ್ತಿಗೆ ಏರಿಸಿದೆ ಅನ್ನುವುದೇ ಇಲ್ಲ. ಬರುವ ಮುಂಚೆ ಏನು ತಿಂದಿದ್ದ ಅಂತಲೂ ಕೇಳಿರಲಿಲ್ಲ. ಇವತ್ತು ಅವನ ಅಮ್ಮನಿಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ಹಲ್ಲಿಗೆ ತಾತ್ಕಾಲಿಕ ಫಿಲ್ಲಿಂಗ್ ಇದೆ, ಮತ್ತೆ ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ. ಮೇಡಂ, ಮೊದಲ ದಿನ ಬರೀ ಮಾಸ್ಕ್ ಹಾಕಿ ಅಭ್ಯಾಸ ಮಾಡಿಸಲಾ?

ಮಕ್ಕಳ ಹಲ್ಲಿನ ಡಾಕ್ಟರ್:

ಹೌದು, ಹಾಗೇ ಮಾಡಿ. ಬರೀ ಆಕ್ಸಿಜನ್ ಇಡಿ, ಅವನೇ ಕೈಯಾರೆ ಮಾಸ್ಕ್ ಹಾಕಿಕೊಳ್ಳಲಿ. ಅವತ್ತು ಸೂಜಿ ಟ್ರೇನಲ್ಲೂ ಕಾಣಬಾರದು.